ಕಡ್ಡಾಯವಲ್ಲದ ತರಬೇತಿ ಮತ್ತು 112 ಪ್ರಶ್ನಾವಳಿಗಳು

ಬಾಗಲಕೋಟೆಯ ನವನಗರದ ನಮ್ಮ ಮನೆಯ ಕಪಾಟಿನಲ್ಲಿ ಭರ್ತಿ ಮಾಡಿದ 112 ಪ್ರಶ್ನಾವಳಿಗಳ ಒಂದು ಗಂಟು ಇದೆ. 2019ರ ಬೇಸಿಗೆಯಲ್ಲಿ ಗುಳೇದಗುಡ್ಡದಲ್ಲಿ ಖಣ ಎಂಬ ಕುಪ್ಪಸದ ಬಟ್ಟೆ ನೇಯುವ ಮನೆಗಳಿಗೆ ಹೋಗಿ, ಒಂದೊಂದು ಮನೆಯಲ್ಲಿ ಮುಕ್ಕಾಲು ತಾಸು ಕುಳಿತು, ನಾನೇ ಕೈಯಾರೆ ತುಂಬಿದವು ಅವು. ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ಅವುಗಳ ಒಂದು ಅಂಕಿಯೂ ಸೇರಲಿಲ್ಲ, ಸೇರಿಸುವಂತೆಯೂ ಇರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಕಡ್ಡಾಯವಲ್ಲದ ತರಬೇತಿಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಈ ಗಂಟು, ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ.

ನಾನು ಬಾಗಲಕೋಟೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುತ್ತೇನೆ. 2017ರಲ್ಲಿ ಅರೆಕಾಲಿಕ ಸಂಶೋಧನಾ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಂಡೆ. ಖಣ ನೇಕಾರ ಕುಟುಂಬಗಳ ವರಮಾನ ಮತ್ತು ಸಾಲ ನನ್ನ ವಿಷಯವಾಗಿತ್ತು. ಕೋರ್ಸ್‌ವರ್ಕ್ ಮುಗಿಸಿ, ಪರೀಕ್ಷೆ ಪಾಸಾಗಿ, ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಒಳ್ಳೆಯ ಅಂಕಗಳನ್ನೂ ಪಡೆದಿದ್ದೆ. 2019ರ ಜನವರಿಯಲ್ಲಿ ಪ್ರಶ್ನಾವಳಿ ರಚನೆಯ ಕುರಿತು ಎರಡು ದಿನಗಳ ಕಾರ್ಯಾಗಾರವೊಂದರ ಸೂಚನೆ ವಿಭಾಗದ ಫಲಕದಲ್ಲಿ ಅಂಟಿಸಿತ್ತು. ಅದರ ಕೊನೆಯ ಸಾಲಿನಲ್ಲಿ ‘ಭಾಗವಹಿಸುವಿಕೆ ಐಚ್ಛಿಕ’ ಎಂದು ಬರೆದಿತ್ತು. ಆ ಎರಡು ದಿನಗಳಲ್ಲಿ ನನಗೆ ಮೌಲ್ಯಮಾಪನದ ಕೆಲಸವಿತ್ತು, ಜೊತೆಗೆ ಪ್ರಶ್ನೆ ಕೇಳುವುದನ್ನು ಯಾರಿಂದಾದರೂ ಕಲಿಯಬೇಕೆಂದು ನನಗೆ ಅನ್ನಿಸಿರಲೂ ಇಲ್ಲ. ಮಾರ್ಗದರ್ಶಕರೂ ಮೊದಲು ಮಾಹಿತಿ ತನ್ನಿ, ಉಳಿದದ್ದು ಆಮೇಲೆ ನೋಡೋಣ ಎಂದರು. ಹೋಗಲಿಲ್ಲ.

ಗುಳೇದಗುಡ್ಡದ ಒಂದು ಓಣಿಯಲ್ಲಿ, ಕುಣಿಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ನನ್ನನ್ನು ಕೂರಿಸಿದ ಒಬ್ಬ ಅಜ್ಜಿಯ ಮನೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಗ ಮಗ್ಗದ ಮೇಲಿದ್ದ. ಲಾಳಿಯ ಸಪ್ಪಳ ನಿಲ್ಲಿಸದೆಯೇ ಅವನು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದ. ಸೊಸೆ ಗೋಡೆಗೊರಗಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನನ್ನ ಹನ್ನೊಂದನೆಯ ಪ್ರಶ್ನೆ ‘ಕುಟುಂಬದ ಮಾಸಿಕ ವರಮಾನ ಎಷ್ಟು?’ ಎಂಬುದು. ಅಜ್ಜಿ ಮಗನ ಮುಖ ನೋಡಿದರು, ಮಗ ಮಗ್ಗಕ್ಕೆ ಹೂಡಿದ ನೂಲಿನ ಹಾಸಿನ ಕಡೆ ನೋಡಿದ. “ತಿಂಗಳ ಲೆಕ್ಕ ನಮಗೆಲ್ಲಿದ್ ಬರಬೇಕ್ರಿ ಅಕ್ಕಾರ, ಹಾಸ ಮುಗದಾಗ ರೊಕ್ಕ” ಎಂದರು ಅಜ್ಜಿ. ನಾನು ಬಿಡಲಿಲ್ಲ, ಅಂದಾಜಾದರೂ ಹೇಳಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಕೋರಿ, ಏನರ ಒಂದ” ಎಂದರು. ನಾನು ಆರು ಸಾವಿರ ಎಂದು ಬರೆದುಕೊಂಡೆ. ಮುಂದಿನ ಪ್ರಶ್ನೆ ದುಡಿಯುವವರು ಎಷ್ಟು ಮಂದಿ ಎಂಬುದಾಗಿತ್ತು. ಒಬ್ಬ ಎಂದರು, ಒಬ್ಬ ಎಂದು ಬರೆದೆ. ಸೊಸೆಯ ಕೈಯಲ್ಲಿ ಕಂಡಿಕೆ ತಿರುಗುತ್ತಲೇ ಇತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಧಾರವಾಡದಲ್ಲಿ ಹತ್ತು ದಿನಗಳ ಸಂಶೋಧನಾ ವಿಧಾನ ಶಿಬಿರವೊಂದು ನಡೆಯಿತು. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ನಾವೆಲ್ಲ ಐಸಿಎಸ್‌ಎಸ್‌ಆರ್ ಎಂದು ಕರೆಯುವ ಸಂಸ್ಥೆ, ಪಿಎಚ್‌ಡಿ ವಿದ್ಯಾರ್ಥಿಗಳಿಗಾಗಿ ಇಂತಹ ಶಿಬಿರಗಳಿಗೆ ಹಣ ಕೊಡುತ್ತದೆ. ಅದೂ ಕಡ್ಡಾಯವಾಗಿರಲಿಲ್ಲ. ಗೆಳತಿಯೊಬ್ಬಳು ಒತ್ತಾಯ ಮಾಡಿದ್ದರಿಂದ ಅರ್ಜಿ ಹಾಕಿದ್ದೆ. ಮೂರನೆಯ ದಿನ ಸಂಪನ್ಮೂಲ ವ್ಯಕ್ತಿಗಳು ನಮ್ಮ ನಮ್ಮ ಪ್ರಶ್ನಾವಳಿಯನ್ನು ಪಕ್ಕದವರಿಗೆ ಕೊಡಲು ಹೇಳಿ, ನಾವು ಯಾರನ್ನು ಅಧ್ಯಯನ ಮಾಡುತ್ತಿದ್ದೇವೆಯೋ ಅವರೇ ಆಗಿ ಪಕ್ಕದವರು ಉತ್ತರಿಸಬೇಕು ಎಂದರು. ನನ್ನ ಪಕ್ಕದಲ್ಲಿದ್ದ ರಾಯಬಾಗದ ಕಡೆಯ ಹುಡುಗ ನೇಕಾರರ ಮನೆಯವನು. ಹನ್ನೊಂದನೆಯ ಪ್ರಶ್ನೆಗೆ ಬಂದು ನಿಂತ. ಮಾಲಕರು ನೂಲು ಕೊಡುತ್ತಾರೆ, ನೇಯ್ದು ಕೊಟ್ಟಾಗ ಮಜೂರಿ ಕೊಡುತ್ತಾರೆ, ಆ ಮಜೂರಿಯಲ್ಲಿ ಹಿಂದೆ ತಂದ ಮುಂಗಡ ಮುರಿದುಕೊಳ್ಳುತ್ತಾರೆ, ಹಾಗಿದ್ದಾಗ ನಾನು ಬರೆಯಬೇಕಾದದ್ದು ಕೈಗೆ ಬಂದ ರೊಕ್ಕವೋ, ದುಡಿದ ರೊಕ್ಕವೋ ಎಂದು ಕೇಳಿದ. ಉತ್ತರ ನನ್ನ ಬಳಿ ಇರಲಿಲ್ಲ. ಆ 112 ಮನೆಗಳಲ್ಲಿ ಯಾರು ಯಾವುದನ್ನು ಹೇಳಿದ್ದರೆಂದು ತಿಳಿಯುವ ದಾರಿಯೂ ಇರಲಿಲ್ಲ.

ಪ್ರಶ್ನೆಯಲ್ಲಿ ಕಾಲದ ಅಳತೆ ತಪ್ಪಾಗಿತ್ತು. ನೇಕಾರರ ಲೆಕ್ಕ ಹಾಸಿನದು, ನನ್ನ ಲೆಕ್ಕ ಸಂಬಳದಾರರ ತಿಂಗಳಿನದು. ‘ದುಡಿಯುವವರು’ ಎಂಬ ಮಾತಿನ ಅರ್ಥವನ್ನು ನಾನು ಬಿಡಿಸಿ ಹೇಳದಿದ್ದುದರಿಂದ ಮಗ್ಗದ ಮೇಲೆ ಕುಳಿತವನಷ್ಟೇ ದುಡಿಯುವವನಾಗಿ, ಕಂಡಿಕೆ ಸುತ್ತುವವಳು, ಹಾಸು ಹೂಡಲು ಕೈಜೋಡಿಸುವವಳು ಲೆಕ್ಕದಿಂದಲೇ ಬಿದ್ದುಹೋಗಿದ್ದರು. ಮಾದರಿಯ ಆಯ್ಕೆಯಲ್ಲೂ ತಪ್ಪಿತ್ತು. ನಾನು ಮನೆಗಳನ್ನು ಆರಿಸಿದ್ದು ನೇಕಾರರ ಸಹಕಾರ ಸಂಘವೊಂದರ ಸದಸ್ಯರ ಪಟ್ಟಿಯಿಂದ. ಸದಸ್ಯರಲ್ಲದ, ಮಾಲಕರ ಮಗ್ಗದಲ್ಲಿ ಮಜೂರಿಗೆ ನೇಯುವ ಬಡವರ ಮನೆಗಳು ಆ ಪಟ್ಟಿಯಲ್ಲೇ ಇರಲಿಲ್ಲ, ನನ್ನ ಅಧ್ಯಯನವಾದರೋ ಅವರ ಸಾಲದ ಮೇಲೆಯೇ ಇತ್ತು. ಹತ್ತು ಹದಿನೈದು ಮನೆಗಳಲ್ಲಿ ಪ್ರಶ್ನಾವಳಿಯನ್ನು ಮೊದಲು ಪರೀಕ್ಷಿಸಿ ನೋಡಿದ್ದರೆ ಇವೆಲ್ಲ ಒಂದೇ ವಾರದಲ್ಲಿ ಹೊರಬೀಳುತ್ತಿದ್ದವು. ಕೋರ್ಸ್‌ವರ್ಕಿನ ಪರೀಕ್ಷೆಯಲ್ಲಿ ‘ಪೂರ್ವ ಪರೀಕ್ಷೆಯ ಮಹತ್ವವನ್ನು ವಿವರಿಸಿ’ ಎಂಬ ಪ್ರಶ್ನೆಗೆ ನಾನು ಎರಡು ಪುಟ ಬರೆದಿದ್ದೆ. ಬರೆಯುವುದು ಗೊತ್ತಿತ್ತು, ಮಾಡುವುದು ಗೊತ್ತಿರಲಿಲ್ಲ. ಧಾರವಾಡದಿಂದ ಬಂದ ಮೇಲೆ ಹೊಸ ಪ್ರಶ್ನಾವಳಿ ಸಿದ್ಧಮಾಡಿದೆ. ಅಷ್ಟರಲ್ಲಿ ಕೊರೊನಾ ಬಂತು. ಎರಡನೆಯ ಬಾರಿ ಆ ಓಣಿಗಳಿಗೆ ಹೋಗಲು ಸಾಧ್ಯವಾದದ್ದು 2021ರ ಕೊನೆಯಲ್ಲಿ.

ಈಗಿನ ವಿದ್ಯಾರ್ಥಿಗಳಿಗೆ ನಿಯಮದಲ್ಲೇ ಕೆಲವು ಸಂಗತಿಗಳು ಸೇರಿಕೊಂಡಿವೆ. ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಕುರಿತ 2 ಕ್ರೆಡಿಟ್‌ಗಳ, 30 ತಾಸುಗಳ ಪಾಠವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2019ರ ಕೊನೆಯಲ್ಲಿ ಕಡ್ಡಾಯಗೊಳಿಸಿತು. 2022ರ ನವೆಂಬರಿನಲ್ಲಿ ಬಂದ ಪಿಎಚ್‌ಡಿ ನಿಯಮಾವಳಿಯು ಕೋರ್ಸ್‌ವರ್ಕಿಗೆ ಕನಿಷ್ಠ 12 ಕ್ರೆಡಿಟ್‌ಗಳನ್ನು ನಿಗದಿಪಡಿಸಿ, ಯಾವುದೇ ವಿಷಯದ ಸಂಶೋಧನಾ ವಿದ್ಯಾರ್ಥಿಯೂ ತನ್ನ ವಿಷಯಕ್ಕೆ ಸಂಬಂಧಿಸಿದ ಬೋಧನೆ, ಬರವಣಿಗೆ ಮುಂತಾದವುಗಳಲ್ಲಿ ತರಬೇತಿ ಪಡೆಯಬೇಕೆಂದು ಹೇಳಿತು. ವಾರಕ್ಕೆ 4ರಿಂದ 6 ತಾಸು ಬೋಧನೆ ಅಥವಾ ಸಂಶೋಧನಾ ಸಹಾಯಕನ ಕೆಲಸವನ್ನು ಅವರಿಗೆ ವಹಿಸಬಹುದೆಂದೂ ಅದರಲ್ಲಿದೆ. ಇವು ಒಳ್ಳೆಯ ಹೆಜ್ಜೆಗಳೇ. ಆದರೂ ಕ್ಷೇತ್ರಕಾರ್ಯದಲ್ಲಿ ಮಾತನಾಡಿಸುವುದು, ಟಿಪ್ಪಣಿ ಇಡುವುದು, ಅಂಕಿಅಂಶಗಳನ್ನು ತಾನೇ ವಿಶ್ಲೇಷಿಸುವುದು, ಗ್ರಂಥಸೂಚಿ ನಿರ್ವಹಿಸುವುದು, ನಿಯತಕಾಲಿಕೆಯನ್ನು ಆರಿಸುವುದು, ತನ್ನ ಕೆಲಸವನ್ನು ಬೇರೆ ವಿಷಯದವರಿಗೆ ತಿಳಿಯುವಂತೆ ಹೇಳುವುದು, ಇಷ್ಟರಲ್ಲಿ ಹೆಚ್ಚಿನವು ಇಂದಿಗೂ ಕಾರ್ಯಾಗಾರಗಳ ಪಾಲಿಗೇ ಉಳಿದಿವೆ. ಪ್ರಬಂಧ ನಿಲ್ಲುವುದೋ ಕುಸಿಯುವುದೋ ಎಂಬುದು ತೀರ್ಮಾನವಾಗುವುದು ಬಹುಪಾಲು ಇವುಗಳಲ್ಲೇ. ‘ಐಚ್ಛಿಕ’ ಎಂಬ ಆ ಪದವನ್ನು ನಾನು ಅಂದು ‘ಮುಖ್ಯವಲ್ಲ’ ಎಂದು ಓದಿಕೊಂಡೆ. ನನ್ನ ಹಾಗೆ ಓದಿಕೊಂಡವರನ್ನು ಪ್ರತಿವರ್ಷ ನೋಡುತ್ತಿದ್ದೇನೆ.

ಆದರೆ ತಪ್ಪನ್ನೆಲ್ಲ ವಿದ್ಯಾರ್ಥಿಯ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಕಳೆದ ಎರಡು ವರ್ಷಗಳಿಂದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ತಿಂಗಳಿಗೆ ಎರಡು ರವಿವಾರ ಸಂಶೋಧನಾ ವಿದ್ಯಾರ್ಥಿಗಳು ಸೇರುತ್ತೇವೆ. ಹತ್ತು ಹನ್ನೆರಡು ಮಂದಿ ಬರುತ್ತಾರೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ವಿಟಿಯು ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂದು ಬೇರೆ ಬೇರೆ ಕಡೆ ನೋಂದಾಯಿಸಿಕೊಂಡವರು ಅವರು. ಇಲ್ಲಿಯ ತೋಟಗಾರಿಕೆ ವಿಶ್ವವಿದ್ಯಾಲಯದ ಒಬ್ಬಿಬ್ಬರೂ ಬರುತ್ತಾರೆ. ಇವರಲ್ಲಿ ಪೂರ್ಣಾವಧಿ ಸಂಶೋಧಕರು ಮೂವರೇ. ಉಳಿದವರು ಪ್ರೌಢಶಾಲೆಯ ಶಿಕ್ಷಕರು, ಕಾಲೇಜಿನ ಉಪನ್ಯಾಸಕರು, ಅತಿಥಿ ಉಪನ್ಯಾಸಕರು. ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಇದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಬೆಂಗಳೂರಿನಲ್ಲಿ ಹತ್ತು ದಿನದ ಶಿಬಿರವಾದರೂ ಅವರು ಹೊರಡಬಲ್ಲರು. ನಮ್ಮ ಗುಂಪಿನ ಅತಿಥಿ ಉಪನ್ಯಾಸಕಿಯೊಬ್ಬರು ಮೂರು ದಿನದ ಕಾರ್ಯಾಗಾರಕ್ಕೆ ಹೋಗಿ ಬಂದದ್ದಕ್ಕೆ ಆ ತಿಂಗಳ ಗೌರವಧನದಲ್ಲಿ ಮೂರು ದಿನದ್ದು ಕಡಿತವಾಯಿತು. ಎರಡು ವರ್ಷದ ಮಗುವನ್ನು ತಾಯಿಯ ಮನೆಯಲ್ಲಿ ಬಿಟ್ಟು ಇಳಕಲ್ಲಿನಿಂದ ಬರುವ ಇನ್ನೊಬ್ಬ ತಂಗಿಗೆ ಸಂಜೆ ಐದರ ಬಸ್ಸು ತಪ್ಪಿದರೆ ಮನೆಯಲ್ಲಿ ಮುಂದಿನ ರವಿವಾರಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಮಹಿಳೆಯರಿಗೆ ಪಿಎಚ್‌ಡಿ ಮುಗಿಸಲು ಎರಡು ವರ್ಷ ಹೆಚ್ಚಿನ ಕಾಲಾವಕಾಶ ಮತ್ತು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನು ನಿಯಮ ಕೊಟ್ಟಿದೆ. ತರಬೇತಿಗೆ ಹೋಗುವ ಹತ್ತು ದಿನಗಳ ಬಗ್ಗೆ ನಿಯಮ ಏನನ್ನೂ ಹೇಳುವುದಿಲ್ಲ. ಇಚ್ಛೆ ಎಂಬುದು ಹೋಗಬಲ್ಲವರಿಗೆ ಮಾತ್ರ ಇರುತ್ತದೆ ಎಂದು ನನಗೆ ಅರ್ಥವಾದದ್ದು ಇವರ ಜೊತೆ ಕುಳಿತ ಮೇಲೆ.

ಬ್ರಿಟನ್ನಿನಲ್ಲಿ 2002ರಲ್ಲಿ ಸರ್ ಗ್ಯಾರೆತ್ ರಾಬರ್ಟ್ಸ್ ಅವರು ಸರ್ಕಾರಕ್ಕೆ ಸಲ್ಲಿಸಿದ ವರದಿಯೊಂದು ಪಿಎಚ್‌ಡಿ ವಿದ್ಯಾರ್ಥಿಗೆ ವರ್ಷಕ್ಕೆ ಕನಿಷ್ಠ ಎರಡು ವಾರಗಳ ತರಬೇತಿ ಸಿಗಬೇಕೆಂದು ಶಿಫಾರಸು ಮಾಡಿತು. ಮುಂದೆ ಅಲ್ಲಿನ ವಿಟೇ ಎಂಬ ಸಂಸ್ಥೆ ಸಂಶೋಧಕನಿಗೆ ಬೇಕಾದ ಗುಣ ಕೌಶಲಗಳನ್ನು 63 ಅಂಶಗಳಾಗಿ ಬಿಡಿಸಿಟ್ಟಿತು. ಅಷ್ಟು ಉದ್ದದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಯಾರೂ ಪಿಎಚ್‌ಡಿ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ವಾರಗಳ ಮಾತು. ಯಾವ ತರಬೇತಿ ಎಂಬ ಆಯ್ಕೆಯನ್ನು ವಿದ್ಯಾರ್ಥಿಗೇ ಬಿಟ್ಟರೂ, ಅದಕ್ಕೆ ಬೇಕಾದ ದಿನಗಳನ್ನು ಪಿಎಚ್‌ಡಿಯ ಕೆಲಸದ ದಿನಗಳೆಂದೇ ಎಣಿಸಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ನಮ್ಮಲ್ಲಿ ಆ ದಿನಗಳು ಸಾಂದರ್ಭಿಕ ರಜೆಯಿಂದ, ದಸರೆಯ ಬಿಡುವಿನಿಂದ, ಇಲ್ಲವೇ ಮನೆಯವರ ಸಹನೆಯಿಂದ ಬರುತ್ತಿವೆ. ಅರೆಕಾಲಿಕ ಪಿಎಚ್‌ಡಿಗೆ ಒಪ್ಪಿಗೆ ಪತ್ರ ಕೊಡುವ ಸಂಸ್ಥೆಗಳು ಅದರ ಜೊತೆಗೇ ವರ್ಷಕ್ಕೆ ಇಷ್ಟು ದಿನ ಓಓಡಿ (ಕೆಲಸದ ಮೇಲೆ ಹೊರಗಿದ್ದ ದಿನಗಳು) ಎಂದೂ ಬರೆದುಕೊಟ್ಟರೆ, ಫಲಕದಲ್ಲಿ ಅಂಟಿಸಿದ ಸೂಚನೆಗಳನ್ನು ನಾವು ಬೇರೆಯೇ ಕಣ್ಣಿನಿಂದ ಓದುತ್ತಿದ್ದೆವು.

ಏನನ್ನು ಕಲಿಯಬೇಕು ಎಂದು ಹೊಸಬರು ಕೇಳಿದಾಗ ನಾನು ಒಂದೇ ಉತ್ತರ ಕೊಡುವುದಿಲ್ಲ, ಏಕೆಂದರೆ ಒಬ್ಬೊಬ್ಬರ ಪ್ರಬಂಧ ಒಂದೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಜಾನಪದದ ಮೇಲೆ ಕೆಲಸ ಮಾಡುತ್ತಿದ್ದ ಜಮಖಂಡಿಯ ಒಬ್ಬ ಅಣ್ಣ ಐದು ವರ್ಷಗಳ ಕಾಲ ತಮ್ಮ ಪ್ರಬಂಧವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸುತ್ತ ಬಂದಿದ್ದರು. ಸಲ್ಲಿಸುವ ಹೊತ್ತಿಗೆ ಕೃತಿಚೌರ್ಯ ತಪಾಸಣೆಗೆ ಕಡತ ಕೊಟ್ಟಾಗ, ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಆ ಬರಹವನ್ನು ತಂತ್ರಾಂಶ ಕನ್ನಡವೆಂದು ಗುರುತಿಸಲೇ ಇಲ್ಲ. ಪರದೆಯ ಮೇಲೆ ಮೂಡಿದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಪರಿವರ್ತಕದಿಂದ ಯುನಿಕೋಡಿಗೆ ಬದಲಾಯಿಸಿದರೆ ಅರ್ಕಾವತ್ತುಗಳು ಸ್ಥಾನ ತಪ್ಪಿದವು, ಕೆಲವು ಒತ್ತಕ್ಷರಗಳು ಕಳಚಿ ಬಿದ್ದವು, ‘ಧರ್ಮ’ ಎಂಬ ಪದ ಬಂದಲ್ಲೆಲ್ಲ ಕೈಯಿಂದ ತಿದ್ದಬೇಕಾಯಿತು. 380 ಪುಟಗಳನ್ನು ಅವರೂ ಅವರ ಮಡದಿಯೂ ಸಾಲು ಸಾಲಾಗಿ ಓದಿ ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ಯುನಿಕೋಡಿನಲ್ಲಿ ಟೈಪು ಮಾಡುವುದನ್ನು, ಶೀರ್ಷಿಕೆಗಳಿಗೆ ಸ್ಟೈಲ್ ಕೊಟ್ಟು ಪರಿವಿಡಿ ತಾನೇ ಮೂಡುವಂತೆ ಮಾಡುವುದನ್ನು ಕಲಿಯಲು ಎರಡು ಮಧ್ಯಾಹ್ನಗಳು ಸಾಕು. ಕನ್ನಡದಲ್ಲಿ ಪ್ರಬಂಧ ಬರೆಯುವ ಪ್ರತಿಯೊಬ್ಬರಿಗೂ ಮೊದಲ ತಿಂಗಳಲ್ಲೇ ಇದನ್ನು ಕಲಿಸಬೇಕೆಂದು ನಾನು ಕೂತಲ್ಲಿ ನಿಂತಲ್ಲಿ ಹೇಳುತ್ತಿರುತ್ತೇನೆ. ಪ್ರಬಂಧ ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಸೇರಿದ ಮೇಲೆ ಹುಡುಕುವವರಿಗೆ ಸಿಗಬೇಕಾದರೂ ಅದು ಯುನಿಕೋಡಿನಲ್ಲಿರುವುದು ಅಗತ್ಯ.

ತಪಾಸಣೆಯ ವಿಷಯಕ್ಕೆ ಸೇರಿಸಿ ಇನ್ನೊಂದು ಮಾತು. ಯುಜಿಸಿಯ 2018ರ ನಿಯಮದ ಪ್ರಕಾರ ಶೇಕಡ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, 10ರಿಂದ 40ರವರೆಗೆ ಇದ್ದರೆ ತಿದ್ದಿ ಮರಳಿ ಸಲ್ಲಿಸಬೇಕು, 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಈ ಅಂಕಿಗಳು ಎಲ್ಲರಿಗೂ ಬಾಯಿಪಾಠ. ಆದ್ದರಿಂದಲೇ ವಿದ್ಯಾರ್ಥಿಗಳು ಪದಗಳನ್ನು ಹಿಂದುಮುಂದು ಮಾಡಿ ಶೇಕಡಾವಾರು ಇಳಿಸುವ ಉಪಾಯ ಕೇಳುತ್ತಾರೆ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಗೆ ಹೇಳಬೇಕು, ಯಾರಿಂದ ಪಡೆದೆನೆಂದು ಎಲ್ಲಿ ಸೂಚಿಸಬೇಕು ಎಂದು ಕೇಳುವವರು ಕಡಿಮೆ. ನಾವು ಗುಂಪಿನಲ್ಲಿ ಒಂದು ಪುಟದ ಲೇಖನ ಓದಿಸಿ, ಕಾಗದ ಮುಚ್ಚಿಸಿ, ಐದು ವಾಕ್ಯಗಳಲ್ಲಿ ಬರೆಯಿಸುತ್ತೇವೆ. ಮೊದಲ ಸಲ ಎಲ್ಲರಿಗೂ ಕಷ್ಟವಾಗುತ್ತದೆ, ನಾಲ್ಕನೆಯ ಸಲ ಬರಹ ಅವರದೇ ಆಗಿರುತ್ತದೆ. ಓದಿದ ಲೇಖನದ ವಿವರವನ್ನು ಆಗಲೇ ಜೋಟೆರೋದಲ್ಲಿ ದಾಖಲಿಸುವ ಅಭ್ಯಾಸವನ್ನೂ ಅದರ ಜೊತೆಗೇ ಮಾಡಿಸುತ್ತೇವೆ. ಅದು ಉಚಿತವಾಗಿ ಸಿಗುವ ತಂತ್ರಾಂಶ, ಉಲ್ಲೇಖಗಳನ್ನು ಬೇಕಾದ ಶೈಲಿಗೆ ತಾನೇ ಜೋಡಿಸಿಕೊಡುತ್ತದೆ.

ಅಂಕಿಅಂಶದ ವಿಚಾರದಲ್ಲಿ ನನಗೆ ಹೆಚ್ಚು ಸಂಕಟವಾಗುವುದು ಹಣ ಕೊಟ್ಟು ಕೋಷ್ಟಕ ಮಾಡಿಸಿಕೊಳ್ಳುವ ರೂಢಿಯಿಂದ. ಹೋದ ವರ್ಷ ನಮ್ಮಲ್ಲೊಬ್ಬರ ಅಣಕು ವೈವಾ (ಮೌಖಿಕ ಪರೀಕ್ಷೆ) ನಡೆಸುತ್ತಿದ್ದೆವು. 64 ಕುಟುಂಬಗಳ ಮಾಹಿತಿ. ಶಿಕ್ಷಣದ ಐದು ಹಂತ, ವರಮಾನದ ನಾಲ್ಕು ಹಂತ ಮಾಡಿ, ಎರಡಕ್ಕೂ ಸಂಬಂಧವಿದೆಯೇ ಎಂದು ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಹಾಕಿಸಿದ್ದರು. ಈ ಪರೀಕ್ಷೆಯನ್ನೇ ಏಕೆ ಆರಿಸಿದಿರಿ ಎಂದು ಕೇಳಿದರೆ, ಮಾಡಿಕೊಟ್ಟವರು ಇದನ್ನೇ ಹಾಕಿದ್ದಾರೆ ಎಂದರು. ಐದು ನಾಲ್ಕಲಿ ಇಪ್ಪತ್ತು ಕೋಣೆಗಳು, 64 ಕುಟುಂಬಗಳನ್ನು ಹಂಚಿದರೆ ಒಂದು ಕೋಣೆಗೆ ಸರಾಸರಿ ಮೂರೇ ಬರುತ್ತವೆ. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೋಣೆಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಆ ಪರೀಕ್ಷೆಯ ಫಲಿತಾಂಶವನ್ನು ನಂಬಲಾಗದು ಎಂಬುದು ರೂಢಿಯಲ್ಲಿರುವ ನಿಯಮ. ಕರಿಹಲಗೆಯ ಮೇಲೆ ಆ ಕೋಷ್ಟಕವನ್ನು ಬರೆದು, ಶಿಕ್ಷಣವನ್ನು ಮೂರು ಹಂತಕ್ಕೂ ವರಮಾನವನ್ನು ಎರಡಕ್ಕೂ ಇಳಿಸಿ, ಆರು ಕೋಣೆಗಳಲ್ಲಿ ಎಲ್ಲರೂ ಕೂಡಿ ಕೈಲೆಕ್ಕ ಮಾಡಿದೆವು. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಬಂದ ಉತ್ತರ ಮೊದಲಿನದಕ್ಕಿಂತ ದುರ್ಬಲವಾಗಿತ್ತು, ಆದರೆ ಅದರ ಪ್ರತಿಯೊಂದು ಅಂಕಿಯನ್ನೂ ಅವರು ವಿವರಿಸಬಲ್ಲವರಾದರು. ಕೈಲೆಕ್ಕ ತಿಳಿದ ಮೇಲೆ ಆರ್ ತಂತ್ರಾಂಶ ಕಲಿಯುವುದು ಕಷ್ಟವಲ್ಲ, ಅದಕ್ಕೆ ಪರವಾನಗಿಯ ಖರ್ಚೂ ಇಲ್ಲ.

ದೂರದ ಊರಿಗೆ ಹೋಗಲಾಗದವರಿಗೆ ಮನೆಯಲ್ಲೇ ಸಿಗುವ ಒಳ್ಳೆಯ ದಾರಿಗಳು ಇವೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್, ಹಾಗೂ 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆಯಲ್ಲಿ ಪಾಠಗಳನ್ನು ಕೇಳಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದರೆ ಪರೀಕ್ಷೆಗೆ ಮಾತ್ರ ಹಣ ಕಟ್ಟಬೇಕು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿಬ್ರೆಆಫೀಸ್, ಲೇಟೆಕ್, ಆರ್ ಮೊದಲಾದವುಗಳ ಹತ್ತು ಹದಿನೈದು ನಿಮಿಷದ ಪಾಠಗಳಿವೆ, ಅವುಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯೂ ಇದೆ. ಇವುಗಳನ್ನು ಒಬ್ಬರೇ ಕುಳಿತು ನೋಡಿದರೆ ಎರಡನೆಯ ವಾರಕ್ಕೆ ಬಿಟ್ಟುಹೋಗುತ್ತವೆ ಎಂಬುದು ನಮ್ಮ ಅನುಭವ. ಮೂವರು ಕೂಡಿ, ತಮ್ಮ ತಮ್ಮ ಮಾಹಿತಿಯನ್ನೇ ಇಟ್ಟುಕೊಂಡು ಮಾಡಿದರೆ ಮುಗಿಯುತ್ತವೆ. ಕೊರೊನಾ ಕಾಲದ ವೆಬಿನಾರ್‌ಗಳನ್ನು ನೆನೆಸಿಕೊಳ್ಳಿ. ಕೊನೆಯಲ್ಲಿ ಗೂಗಲ್ ಫಾರ್ಮ್ ತುಂಬಿದರೆ ಪ್ರಮಾಣಪತ್ರ ಮಿಂಚಂಚೆಗೆ ಬರುತ್ತಿತ್ತು. ನನ್ನ ಬಳಿಯೂ ಅಂತಹ ಇಪ್ಪತ್ಮೂರು ಇವೆ, ಅವುಗಳಲ್ಲಿ ಯಾವುದರಿಂದ ಏನನ್ನು ಕಲಿತೆ ಎಂದು ಕೇಳಿದರೆ ಎರಡರ ಬಗ್ಗೆ ಮಾತ್ರ ಹೇಳಬಲ್ಲೆ. ತನ್ನ ಕೆಲಸ ಆ ಹೊತ್ತಿಗೆ ಬೇಡುತ್ತಿರುವ ಒಂದನ್ನು ಆರಿಸಿಕೊಂಡು, ಹೋಗುವಾಗ ತನ್ನ ಪ್ರಶ್ನಾವಳಿಯನ್ನೋ ಕೋಷ್ಟಕವನ್ನೋ ಅಧ್ಯಾಯವನ್ನೋ ಚೀಲದಲ್ಲಿಟ್ಟುಕೊಂಡು ಹೋದವರು ಏನನ್ನಾದರೂ ತಂದೇ ತರುತ್ತಾರೆ.

ಪ್ರಕಟಣೆಯ ಬಗೆಗಿನ ತರಬೇತಿಯ ಅಗತ್ಯ ಈಗ ಮೊದಲಿಗಿಂತ ಹೆಚ್ಚಾಗಿದೆ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು 2022ರ ನಿಯಮಾವಳಿ ಕೈಬಿಟ್ಟಿತು ನಿಜ. ಆದರೆ 2025ರ ಫೆಬ್ರುವರಿಯಲ್ಲಿ ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯನ್ನೇ ನಿಲ್ಲಿಸಿ, ನಿಯತಕಾಲಿಕೆಗಳ ಗುಣಮಟ್ಟ ನಿರ್ಧರಿಸುವುದನ್ನು ಸಂಸ್ಥೆಗಳಿಗೇ ಬಿಟ್ಟಿತು. ಪಟ್ಟಿ ಇದ್ದಾಗ ಹೆಸರು ನೋಡಿ ಕಳುಹಿಸುತ್ತಿದ್ದರು, ಈಗ ನೋಡುವ ಕಣ್ಣು ತಮ್ಮದೇ ಆಗಬೇಕಾಗಿದೆ. ಮೂರು ದಿನದಲ್ಲಿ ಸ್ವೀಕೃತಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳಿಸುವ ಪತ್ರಿಕೆ ಲೇಖನವನ್ನು ಯಾರಿಂದ ಓದಿಸುತ್ತದೆ? ಸಂಪಾದಕ ಮಂಡಳಿಯಲ್ಲಿ ಹೆಸರಿರುವವರ ಸ್ವಂತ ಪುಟದಲ್ಲಿ ಆ ಪತ್ರಿಕೆಯ ಉಲ್ಲೇಖವಿದೆಯೇ? ಅದರ ಹಿಂದಿನ ಸಂಚಿಕೆಯ ಎರಡು ಲೇಖನಗಳನ್ನು ನೀವೇ ಓದಿದ್ದೀರಾ? ಐಎಸ್‌ಎಸ್‌ಎನ್ ಸಂಖ್ಯೆ ಇರುವುದು ಗುಣಮಟ್ಟದ ಗುರುತಲ್ಲ, ಅದು ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ. ಇಷ್ಟನ್ನು ಹೇಳಿಕೊಡಲು ಒಂದು ಬೆಳಗು ಸಾಕು, ಆ ಒಂದು ಬೆಳಗು ಸಿಗದೆ ಸಾವಿರಾರು ರೂಪಾಯಿ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ವಿಜಯಪುರಕ್ಕೆ ಹೋದಾಗಲೆಲ್ಲ ನನಗೆ ಫ.ಗು. ಹಳಕಟ್ಟಿಯವರು ನೆನಪಾಗುತ್ತಾರೆ. ವೃತ್ತಿಯಿಂದ ವಕೀಲರು. ಮನೆ ಮನೆ ಅಲೆದು ವಚನಗಳ ತಾಡೋಲೆ ಕಟ್ಟುಗಳನ್ನು ಕೂಡಿಸುವುದು, ಓದುವುದು, ಪಾಠಗಳನ್ನು ಹೋಲಿಸುವುದು, ಕೊನೆಗೆ ಮನೆ ಮಾರಿ ಮುದ್ರಣಾಲಯ ಹಾಕಿ ಅಚ್ಚು ಮಾಡಿಸುವುದು, ಇವೆಲ್ಲವನ್ನೂ ಅವರು ಕೆಲಸ ಮಾಡುತ್ತಲೇ ಕಲಿತರು. ಹೇಳಿಕೊಡುವವರು ಸಿಕ್ಕಿದ್ದರೆ ಅವರ ಎಷ್ಟು ವರ್ಷಗಳು ಉಳಿಯುತ್ತಿದ್ದವೋ ಎಂದು ಯೋಚಿಸುತ್ತೇನೆ. ಇಂದು ಹೇಳಿಕೊಡುವವರು ಬೆಳಗಾವಿಯಲ್ಲೂ ವಿಜಯಪುರದಲ್ಲೂ ಇದ್ದಾರೆ. ಒಂದು ವಿಶ್ವವಿದ್ಯಾಲಯದ ಕಾರ್ಯಾಗಾರಕ್ಕೆ ಇನ್ನೊಂದರ ವಿದ್ಯಾರ್ಥಿಗಳನ್ನೂ ಕರೆಯುವ, ಶನಿವಾರ ರವಿವಾರಗಳಲ್ಲಿ ಇಟ್ಟುಕೊಳ್ಳುವ, ಒಮ್ಮೆ ಬಾಗಲಕೋಟೆಯಲ್ಲಿ ಒಮ್ಮೆ ಗೋಕಾಕದಲ್ಲಿ ನಡೆಸುವ ಏರ್ಪಾಡು ಆಗಬೇಕು. ಸಂಶೋಧಕರನ್ನು ದೂರದ ಊರಿಗೆ ಕರೆಸುವ ಬದಲು ತರಬೇತಿಯೇ ಅವರ ಊರಿನ ಹತ್ತಿರ ಬರಲಿ ಎಂದು ಮೂರು ಕಡೆ ಪತ್ರ ಬರೆದಿದ್ದೇನೆ, ಒಂದು ಕಡೆಯಿಂದ ಒಪ್ಪಿಗೆಯ ಉತ್ತರ ಬಂದಿದೆ.

ಕೊನೆಯದಾಗಿ, ಮಾತನಾಡುವ ಕಲಿಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ ಒಂದು ಸ್ಪರ್ಧೆಯಲ್ಲಿ ಪಿಎಚ್‌ಡಿ ವಿದ್ಯಾರ್ಥಿ ಮೂರು ನಿಮಿಷದಲ್ಲಿ, ಒಂದೇ ಚಿತ್ರಫಲಕ ತೋರಿಸಿ, ತನ್ನ ಇಡೀ ಪ್ರಬಂಧವನ್ನು ವಿಷಯ ತಿಳಿಯದವರಿಗೆ ಹೇಳಬೇಕು. ಈಗ ಅದು ಹಲವು ದೇಶಗಳಲ್ಲಿ ನಡೆಯುತ್ತದೆ. ಆ ಕಟ್ಟಳೆಯನ್ನು ನಾನು ನನಗೇ ಹಾಕಿಕೊಂಡು, 2023ರಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಗುಳೇದಗುಡ್ಡದ ಅದೇ ಓಣಿಗೆ ಹೋದೆ. ಒಂದೇ ಒಂದು ಹಾಳೆಯಲ್ಲಿ ಒಂದು ಹಾಸಿನ ಲೆಕ್ಕ ಬರೆದುಕೊಂಡಿದ್ದೆ. ಎಷ್ಟು ದಿನ, ಮಗ್ಗದ ಮೇಲೆ ಎಷ್ಟು ತಾಸು, ಮಜೂರಿ ಎಷ್ಟು, ಮುಂಗಡಕ್ಕೆ ಮುರಿದದ್ದು ಎಷ್ಟು. ಮೂರು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅಜ್ಜಿಗೆ ಕಣ್ಣು ಮಂಜಾಗಿತ್ತು, ಹಾಳೆಯನ್ನು ಸೊಸೆ ತೆಗೆದುಕೊಂಡಳು. “ಕಂಡಿಕಿ ಸುತ್ತಿದ್ದು ಇದರಾಗ ಎಲ್ಲೈತ್ರಿ ಅಕ್ಕಾರ?” ಎಂದಳು. ಎರಡನೆಯ ಸಮೀಕ್ಷೆಯಲ್ಲಿ ಅದನ್ನು ಕೇಳಿ ಬರೆದುಕೊಂಡಿದ್ದೆನಾದ್ದರಿಂದ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ, ದಿನಕ್ಕೆ ನಾಲ್ಕು ತಾಸು. ಅವಳು ಅದನ್ನು ಎರಡು ಸಲ ಓದಿದಳು. “ನಾಕ ತಾಸು ಖರೆ ಐತ್ರಿ. ಖರೇ ಅಂದ್ರ ಪಂಚಮಿ, ದೀಪಾವಳಿ ಮುಂದ ಆರ ತಾಸ ಆಕ್ಕೈತ್ರಿ, ಅದನ್ನೂ ಬರಕೋರಿ” ಎಂದಳು. ಅವಳ ಎದುರಿಗೇ ಬರೆದುಕೊಂಡೆ. ಊರಿಗೆ ಬಂದು, ಹಬ್ಬಗಳ ಮುಂಚಿನ ವಾರಗಳ ಬಗ್ಗೆ ಇದೇ ಮಾತನ್ನು ಹೇಳಿದ ಮನೆಗಳು ಎಷ್ಟೆಂದು ಕ್ಷೇತ್ರಟಿಪ್ಪಣಿಗಳಲ್ಲಿ ಹುಡುಕಿ ನೋಡಿ, ಐದನೆಯ ಅಧ್ಯಾಯಕ್ಕೆ ಎರಡು ಪುಟ ಸೇರಿಸಿ, ಮರುವಾರ ಪ್ರಬಂಧವನ್ನು ಬೈಂಡಿಂಗಿಗೆ ಕೊಟ್ಟೆ.